ರೇಡಿಯೊ ಪೆಟ್ಟಿಗೆಯ ತೆಳು ಚರ್ಮ

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲಿರುವ ಈ ಹಳೇ ವಾಲ್ವ್ ರೇಡಿಯೊ ನೋಡಿ. ಇದನ್ನು ಗಟ್ಟಿ ತೇಗ ಅಂದುಕೊಳ್ಳುವವರೇ ಜಾಸ್ತಿ. ಅಲ್ಲ. ಒಳಗಿರುವುದು ಪ್ಲೈವುಡ್. ಕಣ್ಣಿಗೆ ಕಾಣುವ ಚಂದದ ಗೆರೆಗಳೆಲ್ಲ ಮೇಲೆ ಅಂಟಿಸಿದ ವೆನೀರ್‌ನವು, ಅಂದರೆ ಮರದ ತೆಳು ಹಾಳೆಯವು. ಅದರ ದಪ್ಪ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ.

ನನ್ನ ಮೊದಲ ರೇಡಿಯೊವನ್ನು ರಿಪೇರಿಗೆ ಕೊಟ್ಟಾಗ ರಿಪೇರಿಯವರು ಸೀದಾ ಸ್ಯಾಂಡಿಂಗ್ ಮೆಷಿನ್ ಹಿಡಿದರು. ಅರ್ಧ ನಿಮಿಷದಲ್ಲಿ ಅಂಚಿನ ವೆನೀರ್ ಸವೆದು ಪ್ಲೈವುಡ್ ಕಂಡಿತು. ಆ ಸಂಕಟ ಇವತ್ತಿಗೂ ಹೋಗಿಲ್ಲ. ದಯವಿಟ್ಟು ಮೆಷಿನ್ ಮುಟ್ಟಿಸಬೇಡಿ.

ಮೊದಲು ಪ್ಲಗ್ ತೆಗೆದು, ಗೊತ್ತಿರುವವರ ಕೈಯಲ್ಲಿ ಒಳಗಿನ ಚಾಸಿಯನ್ನು, ಅಂದರೆ ಬಿಡಿಭಾಗಗಳನ್ನು ಕೂರಿಸಿದ ಲೋಹದ ಚೌಕಟ್ಟನ್ನು, ಹೊರಗೆ ತೆಗೆಸಿ. ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರಬಹುದು. ಆಮೇಲೆ ಪೆಟ್ಟಿಗೆಯನ್ನು ಉಗುರಿನಿಂದ ತಟ್ಟುತ್ತಾ ಹೋಗಿ. ಗಟ್ಟಿಯಾಗಿ ಅಂಟಿದ ಕಡೆ ಸದ್ದು ಬಿಗಿಯಾಗಿರುತ್ತದೆ. ಇಲ್ಲಿ, ಈ ಕೆಳಗಿನ ಮೂಲೆಯಲ್ಲಿ, ಪೊಳ್ಳು ಸದ್ದು ಕೇಳಿಸಿತು ಅಲ್ವಾ? ಮಳೆಗಾಲದ ತೇವಕ್ಕೆ ಅಂಟು ಬಿಟ್ಟಿದೆ.

ಹಳೇ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಸಿಗುವ ಅಂಟು ಸರೇಸು, ಪ್ರಾಣಿಗಳ ಚರ್ಮ ಬೇಯಿಸಿ ಮಾಡಿದ್ದು. ನೀರು, ಬಿಸಿ ತಾಗಿದರೆ ಅದು ಮತ್ತೆ ಮೆತ್ತಗಾಗುತ್ತದೆ. ನನಗೆ ಇಷ್ಟವಾದ ಗುಣ ಅದೇ. ನಾನು ತಪ್ಪು ಮಾಡಿದರೂ ಮುಂದಿನವರು ಬಿಚ್ಚಿ ಸರಿಮಾಡಬಹುದು. ಫೆವಿಕಾಲ್ ಹಾಕಿದರೆ ಅಷ್ಟು ಸಲೀಸಾಗಿ ಬಿಚ್ಚಲು ಬರುವುದಿಲ್ಲ. ಹಳೇ ಸರೇಸಿನ ಮೇಲೆ ಅದು ಸರಿಯಾಗಿ ಹಿಡಿಯುವುದೂ ಇಲ್ಲ. ಸರೇಸನ್ನು ರಾತ್ರಿ ನೀರಲ್ಲಿ ನೆನೆಸಿ, ಬೆಳಿಗ್ಗೆ ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ. ಸುಮಾರು 60 ಡಿಗ್ರಿ ಸಾಕು, ಕುದಿಸಿದರೆ ಅದರ ಶಕ್ತಿ ಹೋಗುತ್ತದೆ. ಎದ್ದ ವೆನೀರ್ ಕೆಳಗಿನ ದೂಳು ತೆಗೆದು, ಸಿರಿಂಜಿನಲ್ಲಿ ಅಂಟು ಬಿಡಿ. ಮೇಲೆ ಬಟರ್ ಪೇಪರ್, ಅದರ ಮೇಲೆ ಚಪ್ಪಟೆ ಹಲಗೆ, ಆಮೇಲೆ ಕ್ಲಾಂಪ್. ಒಂದು ದಿನ ಮುಟ್ಟಬೇಡಿ.

ಚೂರು ಕಿತ್ತುಹೋಗಿದ್ದರೆ ತೇಪೆ ಹಾಕಬೇಕು. ಮರದ ಗೆರೆಗೆ ಅಡ್ಡಲಾಗಿ ನೇರ ಕತ್ತರಿಸಿದರೆ ಆ ಗೀಟು ಕಣ್ಣಿಗೆ ಹೊಡೆಯುತ್ತದೆ. ಓರೆಯಾಗಿ ಕತ್ತರಿಸಿ, ಗೆರೆಗೆ ಗೆರೆ ಕೂಡಿಸಿ. ಅಂಟಿಸುವ ಮೊದಲು ತೇಪೆಗೆ ಸ್ವಲ್ಪ ಸ್ಪಿರಿಟ್ ಸವರಿ ನೋಡಿ. ಪಾಲಿಷ್ ಆದಮೇಲಿನ ಬಣ್ಣ ಹೆಚ್ಚುಕಡಿಮೆ ಹಾಗೇ ಇರುತ್ತದೆ.

ಪಾಲಿಷ್ ಯಾವುದು ಅಂತ ತಿಳಿಯಲೂ ಅದೇ ಸ್ಪಿರಿಟ್ ಬೇಕು. ಹಿಂಬದಿಯಲ್ಲಿ ಹತ್ತಿಯಿಂದ ಒರೆಸಿ. ಅಂಟಂಟಾದರೆ ಅದು ಅರಗು, ನಮ್ಮ ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವ ಅದೇ ಅರಗು. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಕರಗಿದರೆ ಲ್ಯಾಕರ್ ಅನ್ನುವ ಬೇರೆ ಬಗೆಯ ಪಾಲಿಷ್ ಇರಬೇಕು. ಆದರೆ ಡಯಲ್ ಗಾಜಿನ ಹಿಂಭಾಗಕ್ಕೆ ಸ್ಪಿರಿಟ್, ಥಿನ್ನರ್ ಎರಡನ್ನೂ ತಾಗಿಸಬೇಡಿ, ಸ್ಟೇಷನ್ ಹೆಸರುಗಳೆಲ್ಲ ಅಳಿಸಿಹೋಗುತ್ತವೆ.

ಈಗ ಈ ಮೂಲೆಗೆ ಸರೇಸು ಹಾಕುತ್ತೇನೆ. ಬೆಚ್ಚಗಿರುವಾಗಲೇ ಕೆಲಸ ಮುಗಿಯಬೇಕು. ಪ್ರಶ್ನೆಗಳನ್ನು ಕ್ಲಾಂಪ್ ಬಿಗಿದ ಮೇಲೆ ಕೇಳಿ.