ಇರುಳಿನ ಒಕ್ಕಲುಗಳು

ಊರಿನ ಹಿರಿಯರಿಗೆ, ಯುವಕ ಸಂಘದ ಗೆಳೆಯರಿಗೆ, ಮುಂದಿನ ಸಾಲಿನಲ್ಲಿ ಆಗಲೇ ಟಾರ್ಚು ಹಿಡಿದು ಕುಳಿತಿರುವ ಮಕ್ಕಳಿಗೆ ನಮಸ್ಕಾರ.

ನಿನ್ನೆ ಶಿವರಾತ್ರಿ. ಜಾಗರಣೆ ಮಾಡಿದವರ ಕಣ್ಣು ಇನ್ನೂ ಕೆಂಪಗಿದೆ. ಇಂದು ಅಮಾವಾಸ್ಯೆ. "ಅಮಾವಾಸ್ಯೆಯ ರಾತ್ರಿ ಮಕ್ಕಳನ್ನು ಕೆರೆ ಏರಿಯ ಕಡೆಗೆ ಕರೆದುಕೊಂಡು ಹೋಗುತ್ತೀರಾ, ಮೇಷ್ಟ್ರೇ?" ಎಂದು ಹಿರಿಯರೊಬ್ಬರು ಬೆಳಿಗ್ಗೆ ನನ್ನನ್ನು ತಡೆದು ಕೇಳಿದರು. ಅವರ ಆತಂಕ ಸಹಜವಾದದ್ದು. ನಮ್ಮ ಮಾತಿನಲ್ಲಿ ಕತ್ತಲೆಗೆ ಒಳ್ಳೆಯ ಹೆಸರೇ ಇಲ್ಲ. ಕಷ್ಟ ಬಂದರೆ ಬಾಳು ಕತ್ತಲೆಯಾಯಿತು ಎನ್ನುತ್ತೇವೆ, ಅರಿವಿಲ್ಲದವನು ಕತ್ತಲೆಯಲ್ಲಿದ್ದಾನೆ ಎನ್ನುತ್ತೇವೆ. ಆದರೆ ನಮ್ಮ ಅಜ್ಜಿ ಮಲಗುವ ಮುಂಚೆ "ದೀಪ ಆರಿಸು" ಎಂದು ಒಮ್ಮೆಯೂ ಹೇಳಿದವರಲ್ಲ. "ದೀಪ ಶಾಂತ ಮಾಡು ಮಗಾ" ಎನ್ನುತ್ತಿದ್ದರು. ಆರಿಸು ಎನ್ನುವುದು ಅಶುಭವೆಂದು ಹಾಗೆ ಹೇಳುತ್ತಿದ್ದರು, ನಿಜ. ಆದರೂ ನನಗೆ ಆ ಮಾತು ವಯಸ್ಸಾದಂತೆ ಹೆಚ್ಚು ಹೆಚ್ಚು ಇಷ್ಟವಾಗುತ್ತಿದೆ. ದೀಪ ಶಾಂತವಾದ ಮೇಲೆ ಅಂಗಳದಲ್ಲಿ ಬೇರೆಯವರ ಸಂಸಾರ ಶುರುವಾಗುತ್ತಿತ್ತು.

ಆ ಬೇರೆಯವರ ಬಗ್ಗೆಯೇ ನಾನು ಮಾತನಾಡಬೇಕಾಗಿದೆ. ಹಗಲಿಗೆ ನಾವು ಒಕ್ಕಲು. ಇರುಳಿಗೆ ಅವರು ಒಕ್ಕಲು: ಹಾಲಕ್ಕಿ, ಗೂಬೆ, ಬಾವಲಿ, ಪುನುಗಿನ ಬೆಕ್ಕು, ಚಿಪ್ಪುಹಂದಿ, ಮುಳ್ಳುಹಂದಿ, ಲೆಕ್ಕವಿಲ್ಲದಷ್ಟು ಹುಳುಹುಪ್ಪಟೆ. ಅವರ ಮನೆಗೆ ಗೋಡೆಯಿಲ್ಲ, ಕತ್ತಲೆಯೇ ಗೋಡೆ. ಅದರೊಳಗೆ ನಾವು ಒಂದು ಕಂಬ ನೆಟ್ಟು ದೀಪ ಹಾಕಿದರೆ ಯಾವ ನೋಟಿಸೂ ಇಲ್ಲದೆ ಅವರನ್ನು ಒಕ್ಕಲೆಬ್ಬಿಸಿದಂತೆಯೇ.

ನಮ್ಮ ತುಮಕೂರು ಸೀಮೆಯ ದೊಡ್ಡ ಆಸ್ತಿಯೊಂದಿದೆ, ಕಾಡುಪಾಪ. ಅದನ್ನು ಕಂಡವರು ಈ ಸಭೆಯಲ್ಲಿ ಎಷ್ಟು ಮಂದಿ? ನಾಲ್ಕು ಕೈ ಮೇಲೆದ್ದಿವೆ, ನಾಲ್ಕೂ ನೆರೆತ ತಲೆಗಳದ್ದೇ. ಕಾಲು ಕಿಲೋ ಆಸುಪಾಸಿನ ಜೀವ, ಬಾಲವಿಲ್ಲ, ಕಡ್ಡಿಯಂಥ ಕೈಕಾಲು, ಮುಖದ ತುಂಬ ಎರಡು ಕಣ್ಣು. ಕೋತಿಯ ಹಾಗೆ ನೆಗೆಯಲು ಅದಕ್ಕೆ ಬರುವುದಿಲ್ಲ. ಒಂದು ಕೊಂಬೆಯನ್ನು ಹಿಡಿದ ಮೇಲೆಯೇ ಇನ್ನೊಂದನ್ನು ಬಿಡುತ್ತದೆ. ಹಾಗಾಗಿ ಮರಕ್ಕೆ ಮರ ತಾಗಿರಬೇಕು, ಬೇಲಿಗೆ ಬೇಲಿ ಕೂಡಿರಬೇಕು. ನಡುವೆ ರಸ್ತೆ ಬಂದರೆ ಅದು ನೆಲಕ್ಕಿಳಿಯುತ್ತದೆ, ಇಲ್ಲವೇ ವಿದ್ಯುತ್ ತಂತಿ ಹಿಡಿಯುತ್ತದೆ. ಎರಡರಲ್ಲೂ ಸಾವು ಕಾದಿರುತ್ತದೆ.

ಹಲವು ವರ್ಷಗಳ ಹಿಂದೆ ಒಂದು ಹುಣಸೆಮರದ ಕೆಳಗೆ ನಾನು ಅದನ್ನು ಹತ್ತಿರದಿಂದ ನೋಡಿದೆ. ಟಾರ್ಚಿನ ಬಾಯಿಗೆ ಕೆಂಪು ಗಾಜುಕಾಗದ ಎರಡು ಪದರ ಸುತ್ತಿಕೊಂಡಿದ್ದೆ. ಕೊಂಬೆಗಳ ನಡುವೆ ಎರಡು ಕೆಂಡಗಳು ಒಮ್ಮೆಗೇ ಹೊತ್ತಿಕೊಂಡವು. ಅದು ಹಿಂಗಾಲುಗಳಿಂದ ಕೊಂಬೆ ಹಿಡಿದು ಮೈಯನ್ನು ಮುಂದಕ್ಕೆ ಚಾಚಿತು, ಎಷ್ಟು ನಿಧಾನವೆಂದರೆ ಎಲೆಯೊಂದು ಅಲುಗಲಿಲ್ಲ. ಎರಡೂ ಕೈಗಳಿಂದ ಒಂದು ಮಿಡತೆಯನ್ನು ಬಾಚಿಕೊಂಡಿತು. ಆಮೇಲೆ ಕಣ್ಣು ಮುಚ್ಚಿ ಅಗಿಯಿತು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಅಷ್ಟರಲ್ಲಿ ನನ್ನ ಜೊತೆಗಿದ್ದವರೊಬ್ಬರು ಫೋಟೋಕ್ಕೆಂದು ಬಿಳಿ ಬೆಳಕು ಬಿಟ್ಟರು. ಪಾಪ, ಮುಖ ತಿರುಗಿಸಿ ಕೊಂಬೆಗೆ ಒತ್ತಿಕೊಂಡು ಕಲ್ಲಾಯಿತು. ದೀಪ ತೆಗೆದ ಮೇಲೂ ಬಹಳ ಹೊತ್ತು ಹಾಗೆಯೇ ಇತ್ತು. ಅವತ್ತಿನಿಂದ ನಾನು ಬಿಳಿ ಬೆಳಕಿನವರನ್ನು ಜೊತೆಗೆ ಕರೆದುಕೊಂಡು ಹೋಗಿಲ್ಲ.

ಮಾಟಕ್ಕೆಂದು ಈ ಮುಗ್ಧ ಪ್ರಾಣಿಯ ಕಣ್ಣು ಚುಚ್ಚಿದವರು, ಸುಟ್ಟವರು ಇದ್ದಾರೆ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ, ಹುಲಿಗೆ ಕೊಟ್ಟ ರಕ್ಷಣೆಯನ್ನೇ ಕಾಡುಪಾಪಕ್ಕೂ ಕೊಟ್ಟಿದೆ. ಆದರೆ ಅದನ್ನು ಉಳಿಸಿರುವುದು ಕಾಯ್ದೆಯೊಂದೇ ಅಲ್ಲ. ನಮ್ಮ ಜಿಲ್ಲೆಯ ನಾಗವಲ್ಲಿಯಲ್ಲಿ ಶಾಲೆಯ ಅಂಗಳದಿಂದಲೇ ಅದರ ಕಾವಲು ಶುರುವಾಯಿತು. ಬೆಂಗಳೂರಿನಲ್ಲಿ 2014ರಿಂದ ಉತ್ಸಾಹಿಗಳು ಕೆಂಪು ದೀಪ ಹಿಡಿದು ರಾತ್ರಿ ನಡೆದು ನಗರದೊಳಗೆ ಎಲ್ಲೆಲ್ಲಿ ಕಾಡುಪಾಪ ಉಳಿದಿದೆಯೆಂದು ಗುರುತು ಹಾಕಿದ್ದಾರೆ. ನೆರೆಯ ತಮಿಳುನಾಡು 2022ರಲ್ಲಿ ಕರೂರು, ದಿಂಡಿಗಲ್ ಜಿಲ್ಲೆಗಳ ಕಡವೂರಿನಲ್ಲಿ 11,806 ಹೆಕ್ಟೇರ್ ಕಾಡನ್ನು ಕಾಡುಪಾಪಕ್ಕೆಂದೇ ಅಭಯಾರಣ್ಯ ಮಾಡಿತು. ನಮ್ಮಲ್ಲಿ ಯಾಕಾಗಬಾರದು?

ಇನ್ನು ಬೆಳಕಿನ ವಿಷಯ. ದೀಪಕ್ಕೆ ಹುಳು ಮುತ್ತುತ್ತದೆ, ಆಸೆಬಿದ್ದು ಸಾಯುತ್ತದೆ ಎಂದು ನಾವು ಕಥೆ ಕಟ್ಟಿಕೊಂಡಿದ್ದೇವೆ. ಅದು ಆಸೆಯಲ್ಲ. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅತಿವೇಗದ ಕ್ಯಾಮೆರಾ ಇಟ್ಟು ಹುಳುಗಳ ಹಾರಾಟವನ್ನು ನೋಡಿದರು. ಹುಳು ದೀಪದ ಕಡೆಗೆ ನೇರವಾಗಿ ಹೋಗುವುದಿಲ್ಲ, ದೀಪಕ್ಕೆ ಬೆನ್ನು ಕೊಡುತ್ತದೆ. ಕೋಟ್ಯಂತರ ವರ್ಷಗಳಿಂದ ರಾತ್ರಿ ಬೆಳಕಿರುವ ಕಡೆ ಆಕಾಶ, ಕತ್ತಲಿರುವ ಕಡೆ ನೆಲ. ಬೆಳಕಿಗೆ ಬೆನ್ನು ಮಾಡಿದರೆ ಹಾರಾಟ ಮಟ್ಟಸವಾಗಿರುತ್ತದೆ ಎಂಬುದು ಅದರ ಮೈಯೊಳಗಿನ ಲೆಕ್ಕ. ನಾವು ಪಕ್ಕದಲ್ಲೊಂದು ಬಲ್ಬು ಇಟ್ಟೆವು. ಅದು ವಾಲಿತು, ಸುತ್ತಿತು. ದೀಪದ ಮೇಲೆ ಹಾರಿದ್ದು ಅಂಗಾತವಾಗಿ ತಿರುಗಿ ಕೆಳಕ್ಕೆ ಬಿತ್ತು. ಮೊದಲ ಮಳೆ ಬಿದ್ದ ರಾತ್ರಿ ಜಗಲಿಯ ದೀಪದ ಕೆಳಗೆ ಐದು ನಿಮಿಷ ಕುಳಿತು ಒಂದೇ ಒಂದು ಹುಳುವನ್ನು ಕಣ್ಣಿಟ್ಟು ನೋಡಿ, ಇದೆಲ್ಲ ನಿಮಗೇ ಕಾಣುತ್ತದೆ.

ನಾನಿರುವ ಊರಿನಲ್ಲಿ ಕೆಲವು ವರ್ಷಗಳ ಕೆಳಗೆ ಬಸ್ ನಿಲ್ದಾಣದ ಎದುರು ಹೈಮಾಸ್ಟ್ ದೀಪ ನಿಲ್ಲಿಸಿದರು. ಸಂಭ್ರಮವೋ ಸಂಭ್ರಮ, ಕಾಯಿ ಒಡೆದು ಉದ್ಘಾಟನೆ ಮಾಡಿದೆವು, ನಾನೂ ಚಪ್ಪಾಳೆ ತಟ್ಟಿದವನೇ. ಆ ಮುಂಗಾರಿನಲ್ಲಿ ಕಂಬದ ಕೆಳಗೆ ಬಿದ್ದ ಈಸಲನ್ನು ಹೋಟೆಲಿನ ಹುಡುಗ ಪೊರಕೆಯಲ್ಲಿ ಗುಡಿಸಿ ಬಕೆಟ್ಟಿಗೆ ತುಂಬಿದ. ಮರುವರ್ಷ ಅರ್ಧ ಬಕೆಟ್. ಆಮೇಲೆ ಗುಡಿಸುವುದಕ್ಕೇ ಏನೂ ಇರಲಿಲ್ಲ. ಹತ್ತಿರದ ಅತ್ತಿಮರಕ್ಕೆ ಹಣ್ಣಿನ ಕಾಲದಲ್ಲಿ ಬರುತ್ತಿದ್ದ ಬಾವಲಿಗಳು ನಿಂತವು. ಇದು ಒಬ್ಬ ಮೇಷ್ಟರ ಕಣ್ಣಳತೆ, ಸಂಶೋಧನೆಯಲ್ಲ. ಆದರೆ ಅಳತೆ ಮಾಡಿದವರೂ ಇದ್ದಾರೆ. ಸ್ವಿಟ್ಜರ್ಲೆಂಡಿನಲ್ಲಿ ಕತ್ತಲೆಯ ಹುಲ್ಲುಗಾವಲುಗಳಲ್ಲಿ ಬೀದಿದೀಪ ಇಟ್ಟು ನೋಡಿದಾಗ ರಾತ್ರಿ ಹೂವಿಗೆ ಬರುವ ಕೀಟಗಳ ಭೇಟಿ ಶೇಕಡ 62ರಷ್ಟು ಕಡಿಮೆಯಾಯಿತು. ಅಲ್ಲಿನ ಒಂದು ಗಿಡದಲ್ಲಿ ಕಾಯಿ ಕಟ್ಟುವುದು ಶೇಕಡ 13ರಷ್ಟು ಇಳಿಯಿತು. ಹಗಲಿನ ಜೇನ್ನೊಣಗಳು ಆ ನಷ್ಟವನ್ನು ತುಂಬಿಕೊಡಲಿಲ್ಲ.

ಆಕಾಶದ ಕಥೆಯೂ ಹೀಗೆಯೇ. 2011ರಿಂದ 2022ರವರೆಗೆ ಜಗತ್ತಿನ ನಾನಾ ಕಡೆಯ ಸಾಮಾನ್ಯ ಜನರು ಬರಿಗಣ್ಣಿನಲ್ಲಿ ಎಷ್ಟು ನಕ್ಷತ್ರ ಕಾಣುತ್ತದೆಂದು ನೋಡಿ ಕಳಿಸಿದ 51,351 ವರದಿಗಳನ್ನು ಒಟ್ಟು ಮಾಡಿದಾಗ, ರಾತ್ರಿಯ ಆಕಾಶದ ಬೆಳಕು ವರ್ಷಕ್ಕೆ ಸುಮಾರು ಶೇಕಡ 9.6ರಷ್ಟು ಹೆಚ್ಚುತ್ತಿದೆ ಎಂದು ತಿಳಿಯಿತು. ಮಗು ಹುಟ್ಟಿದಾಗ 250 ನಕ್ಷತ್ರ ಕಾಣುವ ಊರಿನಲ್ಲಿ ಆ ಮಗುವಿಗೆ 18 ತುಂಬುವಾಗ ನೂರು ಉಳಿದಿರುತ್ತವೆ. ಕೃತ್ತಿಕೆ, ರೋಹಿಣಿ, ಆರಿದ್ರೆ ಎಂದು ಮಳೆಗೆ ನಕ್ಷತ್ರದ ಹೆಸರಿಟ್ಟು ಬಿತ್ತನೆ ಮಾಡಿದ ಊರು ನಮ್ಮದು. ಮಳೆಯ ಹೆಸರು ಕ್ಯಾಲೆಂಡರಿನಲ್ಲಿ ಉಳಿದಿದೆ, ನಕ್ಷತ್ರವನ್ನು ತೋರಿಸು ಎಂದರೆ ಮಕ್ಕಳು ನನ್ನ ಮುಖ ನೋಡುತ್ತಾರೆ.

ಮಕ್ಕಳೇ, ಕೇಳಿ. 2003ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಹೈಸ್ಕೂಲಿನ ಒಬ್ಬ ಹುಡುಗಿ, ಜೆನ್ನಿಫರ್ ಬಾರ್ಲೋ, ವರ್ಷಕ್ಕೊಂದು ವಾರ ಎಲ್ಲರೂ ದೀಪ ಕಡಿಮೆ ಮಾಡಿ ಆಕಾಶ ನೋಡೋಣ ಎಂದಳು. ಅದೇ ಇಂದು ಏಪ್ರಿಲ್ ತಿಂಗಳ ಅಮಾವಾಸ್ಯೆಯ ಆಸುಪಾಸಿನಲ್ಲಿ ಲೋಕದ ನಾನಾ ಕಡೆ ನಡೆಯುವ ಕಪ್ಪು ಆಕಾಶದ ಸಪ್ತಾಹ.

ನಮ್ಮ ದೇಶದಲ್ಲಿ ಇಂಥ ಹಬ್ಬಕ್ಕೆ ನಾನು ಮಾದರಿಯೆಂದು ತೋರಿಸುವುದು ಲಡಾಖ್‌ನ ಹಾನ್ಲೆಯನ್ನು. ಅದು 4,500 ಮೀಟರ್ ಎತ್ತರದ ಚಳಿ ಮರುಭೂಮಿ. ಕಾಡುಕತ್ತೆಗಳು ಮೇಯುವ, ಮುಸ್ಸಂಜೆಯಲ್ಲಿ ಪಲ್ಲಾಸ್ ಬೆಕ್ಕು ಬೇಟೆಗೆ ಹೊರಡುವ ಚಾಂಗ್‌ಥಾಂಗ್ ಅಭಯಾರಣ್ಯದ ಒಳಗಿದೆ. ಅಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿದೆ. ಅಲ್ಲಿನ ಎರಡು ಮೀಟರ್ ದೂರದರ್ಶಕವನ್ನು ನಡೆಸುವವರು ನಮ್ಮ ಹೊಸಕೋಟೆಯಲ್ಲಿ ಕುಳಿತಿರುತ್ತಾರೆ, ಉಪಗ್ರಹದ ಮೂಲಕ. 2022ರ ಡಿಸೆಂಬರಿನಲ್ಲಿ ವೀಕ್ಷಣಾಲಯದ ಸುತ್ತಲಿನ 1,073 ಚದರ ಕಿಲೋಮೀಟರ್ ಪ್ರದೇಶವನ್ನು ಕಪ್ಪು ಆಕಾಶದ ಮೀಸಲು ಪ್ರದೇಶವೆಂದು ಅಧಿಸೂಚಿಸಿದರು. ನನಗೆ ಮುಖ್ಯವೆನಿಸಿದ್ದು ಆಮೇಲಿನದು. ಆ ಹಳ್ಳಿಗಳಿಂದಲೇ 24 ಮಂದಿಯನ್ನು ಆರಿಸಿ ನಕ್ಷತ್ರ ತೋರಿಸುವ ತರಬೇತಿ ಕೊಟ್ಟು ಕೈಗೆ ದೂರದರ್ಶಕ ಕೊಟ್ಟರು. ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಪ್ರವಾಸಿಗರು ಬಂದಾಗ ಆಕಾಶ ತೋರಿಸಿ ಸಂಪಾದಿಸುವವರು ಇವರೇ. ಕಿಟಕಿಗೆ ದಪ್ಪ ಪರದೆ, ದೀಪಕ್ಕೆ ಮುಸುಕು, ಗಾಡಿಗೆ ತಗ್ಗಿಸಿದ ಹೆಡ್‌ಲೈಟ್. 2023ರಿಂದ ಪ್ರತಿವರ್ಷ ದೇಶದ ಮೂಲೆಮೂಲೆಯಿಂದ ಹವ್ಯಾಸಿಗಳು ಅಲ್ಲಿ ನಕ್ಷತ್ರಕೂಟಕ್ಕೆ ಸೇರುತ್ತಾರೆ. 2024ರ ಮೇ 10ರ ರಾತ್ರಿ ಸೂರ್ಯನ ಬಿರುಗಾಳಿ ಭೂಮಿಗೆ ಬಡಿದಾಗ ಹಾನ್ಲೆಯ ಬಾನಂಚು ಕೆಂಪಗಾದದ್ದು ಕ್ಯಾಮೆರಾಗಳಲ್ಲಿ ದಾಖಲಾಯಿತು. ಕತ್ತಲೆ ಉಳಿದಿದ್ದರಿಂದ ಅದು ದಕ್ಕಿತು.

ಮಹಾರಾಷ್ಟ್ರದ ಪೆಂಚ್ ಹುಲಿ ಮೀಸಲು ಪ್ರದೇಶವೂ 2024ರ ಜನವರಿಯಲ್ಲಿ ಇಂಥ ಮನ್ನಣೆ ಪಡೆಯಿತು. ಅಲ್ಲಿ ಕಾಡಿನಂಚಿನ ಹಳ್ಳಿಗಳ ನೂರಕ್ಕೂ ಹೆಚ್ಚು ದೀಪಗಳನ್ನು ನೆಲದ ಕಡೆಗೆ ತಿರುಗಿಸಿದರು.

ಆದರೆ ಅದೇ ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ, ಭಂಡಾರದರಾ ಕಡೆ, ಮುಂಗಾರಿನ ಹೊಸ್ತಿಲಲ್ಲಿ ಮಿಂಚುಹುಳುಗಳನ್ನು ನೋಡಲು ಜನ ನುಗ್ಗುವ ಬಗೆ ನನಗೆ ಹೆದರಿಕೆ ಹುಟ್ಟಿಸುತ್ತದೆ. ಮಿಂಚುಹುಳುವಿನ ಮಿಣುಕು ಮದುವೆಯ ಮಾತುಕತೆ. ಗಂಡು ಹಾರುತ್ತ ಕೇಳುತ್ತದೆ, ಅನೇಕ ಜಾತಿಗಳಲ್ಲಿ ಹೆಣ್ಣು ನೆಲದ ಹುಲ್ಲಿನಲ್ಲಿ ಕುಳಿತು ಉತ್ತರ ಕೊಡುತ್ತದೆ. ಆ ಹುಲ್ಲಿನ ಮೇಲೆ ಕಾಲಿಟ್ಟು, ಸಾಲುಗಟ್ಟಿ ಬಂದ ಕಾರುಗಳ ಬೆಳಕು ಹಾಯಿಸಿ, ಮೊಬೈಲ್ ಫ್ಲ್ಯಾಶ್ ಹಾಕಿ ನೋಡಿದರೆ ಮುಂದಿನ ವರ್ಷಕ್ಕೆ ಯಾರು ಉಳಿಯುತ್ತಾರೆ? ಹಬ್ಬ ಮಾಡುವುದಾದರೆ ಕತ್ತಲೆ ನಮಗಿಂತ ಮೊದಲು ಇದ್ದವರ ಮನೆಯೆಂದು ತಿಳಿದು, ನೆಂಟರ ಹಾಗೆ ಹೋಗಿ ಬರಬೇಕು. ಹಾನ್ಲೆಯವರು ಕತ್ತಲೆಗೆ ಮನೆಯವರಾಗಿದ್ದಾರೆ. ನಾವೂ ಆಗಬಲ್ಲೆವು ಎಂದು ನನಗೆ ದೃಢವಾದ ನಂಬಿಕೆಯಿದೆ, ಏಕೆಂದರೆ ನಮ್ಮವರು ಆಗಲೇ ಆಗಿದ್ದಾರೆ. ಬಂಡೀಪುರದ ರಾಷ್ಟ್ರೀಯ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ತಡೆಯಿದೆ. ಅದನ್ನು ತೆಗೆಯಿರಿ ಎಂಬ ಒತ್ತಡ ಹೆಚ್ಚಿದಾಗ, 2025ರ ಏಪ್ರಿಲ್‌ನಲ್ಲಿ ರೈತರು, ವಿದ್ಯಾರ್ಥಿಗಳು, ವನ್ಯಜೀವಿಪ್ರಿಯರು ಬಿಸಿಲಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು ಚೆಕ್‌ಪೋಸ್ಟ್‌ವರೆಗೆ ನಡೆದುಹೋಗಿ ರಾತ್ರಿಯನ್ನು ಪ್ರಾಣಿಗಳಿಗೇ ಬಿಡಿ ಎಂದರು.

ಸ್ತ್ರೀಶಕ್ತಿ ಸಂಘದ ತಾಯಂದಿರು ಮಾತಿಗೆ ಮುಂಚೆ ಒಂದು ಪ್ರಶ್ನೆ ಎತ್ತಿದ್ದಾರೆ: ದೀಪ ಕಡಿಮೆಯಾದರೆ ಕೆಲಸದಿಂದ ಕತ್ತಲಾದ ಮೇಲೆ ಬರುವ ಹೆಣ್ಣುಮಕ್ಕಳ ಗತಿ ಏನು? ಸರಿಯಾದ ಪ್ರಶ್ನೆ, ಇದನ್ನು ತೇಲಿಸಿ ಉತ್ತರಿಸಲಾಗದು. ದಾರಿಗೆ ದೀಪ ಬೇಕೇ ಬೇಕು. ನಾನು ಬೇಡವೆನ್ನುವುದು ದಾರಿಗೆ ಬೀಳದ ಬೆಳಕನ್ನು. ಕಣ್ಣಿಗೆ ಹೊಡೆಯುವ ಬಿಳಿ ಬಲ್ಬಿನ ಕೆಳಗೆ ನಿಂತವರಿಗೆ ಹತ್ತು ಹೆಜ್ಜೆ ಆಚೆ ಬೇಲಿ ಮರೆಯಲ್ಲಿ ನಿಂತವನು ಕಾಣುವುದಿಲ್ಲ. ಅದೇ ದೀಪಕ್ಕೆ ಮೇಲೊಂದು ತಗಡಿನ ಮುಸುಕು ಹಾಕಿ, ಹಳದಿ ಬಣ್ಣದ್ದನ್ನು ಇಟ್ಟು ನೆಲಕ್ಕೆ ಬಗ್ಗಿಸಿದರೆ ದಾರಿಯೂ ಕಾಣುತ್ತದೆ, ಮರವೂ ಕತ್ತಲಲ್ಲಿ ಉಳಿಯುತ್ತದೆ. ದೇವಸ್ಥಾನದ ಸೀರಿಯಲ್ ಸೆಟ್ ಮಹಾಮಂಗಳಾರತಿಯವರೆಗೆ ಉರಿಯಲಿ, ಆಮೇಲೆ ದೇವರಿಗೂ ಶಯನೋತ್ಸವವಿದೆಯಲ್ಲ. ಕೆರೆ ಏರಿಯ ಮೇಲೆ ಸುಮ್ಮನೆ ಇಡೀ ರಾತ್ರಿ ಉರಿಯುವ ಆ ಮೂರು ದೀಪಗಳ ಬಗ್ಗೆ ಮುಂದಿನ ಗ್ರಾಮಸಭೆಯಲ್ಲಿ ಅರ್ಜಿ ಕೊಡಿ. ಅರ್ಜಿಯನ್ನು ನಾನು ಬರೆದು ತಂದಿದ್ದೇನೆ, ಹೋಗುವಾಗ ಸಹಿ ಹಾಕಿ.

ಈಗ ಹೊರಡೋಣ. ಟಾರ್ಚಿಗೆ ಕೆಂಪು ಕಾಗದ ಸುತ್ತದವರು ಬಾಗಿಲ ಬಳಿ ತೆಗೆದುಕೊಳ್ಳಿ, ಎರಡು ಪದರ, ರಬ್ಬರ್ ಬ್ಯಾಂಡ್ ಅಲ್ಲೇ ಇದೆ. ಮೊಬೈಲ್ ಜೇಬಿನಲ್ಲಿರಲಿ. ಒಮ್ಮೆ ಪರದೆ ನೋಡಿದರೆ ಕಣ್ಣು ಮತ್ತೆ ಕತ್ತಲೆಗೆ ಒಗ್ಗಲು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಬೇಕು. ಮೊದಲು ಏರಿಯ ಮೇಲೆ ಸುಮ್ಮನೆ ಕೂರುತ್ತೇವೆ. ನೆತ್ತಿಯ ಬಳಿ ಮೃಗಶಿರಾ ಇರುತ್ತದೆ, ಅದರ ಕೆಳಗೆ ಹೊಳೆಯುವುದೇ ಲುಬ್ಧಕ. ಲುಬ್ಧಕ ಎಂದರೆ ಬೇಡ. ಬಿಲ್ವದ ಮರ ಹತ್ತಿ ಕುಳಿತ ಬೇಡನ ಕಥೆಯನ್ನು ನಿನ್ನೆ ರಾತ್ರಿ ಕೇಳಿದ್ದೀರಿ, ಇವತ್ತು ನೋಡಿ. ಇನ್ನೂ ಕೆಳಗೆ, ದಕ್ಷಿಣಕ್ಕೆ, ಅಗಸ್ತ್ಯ. ಕಣ್ಣು ಹದಕ್ಕೆ ಬಂದ ಮೇಲೆ ಹೊಂಗೆ ತೋಪಿನ ಅಂಚಿನಲ್ಲಿ ನಡೆಯುತ್ತೇವೆ, ಒಬ್ಬರ ಹಿಂದೆ ಒಬ್ಬರು, ಕಾಲುದಾರಿ ಬಿಟ್ಟು ಇಳಿಯದೆ. ಕೊಂಬೆಗಳಲ್ಲಿ ಎರಡು ಕೆಂಡ ಕಂಡವರು ಕೂಗಬಾರದು, ಮುಂದಿನವರ ಹೆಗಲು ಮುಟ್ಟಬೇಕು. ಚಿಕ್ಕ ಮಕ್ಕಳು ನನ್ನ ಹಿಂದೆಯೇ ಇರಲಿ. ಬೆಳಿಗ್ಗೆ ನನ್ನನ್ನು ತಡೆದು ಕೇಳಿದ ಯಜಮಾನರೂ ಸಭೆಯಲ್ಲಿದ್ದಾರೆ, ಕೈಯಲ್ಲಿ ಕೋಲೂ ಇದೆ. ಅಜ್ಜಾ, ಈ ತೋಪಿನ ದಾರಿ ನನಗಿಂತ ನಿಮಗೆ ಚೆನ್ನಾಗಿ ಗೊತ್ತು, ಮುಂದೆ ನಡೆಯಿರಿ.