ತೊಳೆಯುವ ತೊಟ್ಟಿಯಿಂದ ಶುರುವಾಗುವ ವಿನ್ಯಾಸ: 5 ಮಿಲಿಮೀಟರ್ ಉಪಕರಣದ ಒಳಗೆ

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತಿಗೆ ಒಂದೇ ಒಂದು ಉಪಕರಣ ಸಾಕು. ಲ್ಯಾಪ್ರೊಸ್ಕೋಪಿ, ಅಂದರೆ ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ನೋಡಿಕೊಂಡು ಮಾಡುವ ಶಸ್ತ್ರಚಿಕಿತ್ಸೆ, ನಡೆಯುವ ಯಾವ ಆಸ್ಪತ್ರೆಯ ಟ್ರೇ ತೆರೆದರೂ ಸಿಗುವ 5 ಮಿಲಿಮೀಟರ್ ದಪ್ಪದ ಗ್ರಾಸ್ಪರ್, ಅಂದರೆ ಹಿಡಿಯುವ ಇಕ್ಕಳ. ಪಿತ್ತಕೋಶವನ್ನು ಎತ್ತಿ ಹಿಡಿಯುವುದು, ಕರುಳನ್ನು ಬದಿಗೆ ಸರಿಸುವುದು, ಅಂಗಾಂಶ ಬಿಡಿಸುವುದು, ವಿದ್ಯುತ್ ಹಾಯಿಸಿ ರಕ್ತ ನಿಲ್ಲಿಸುವುದು, ಎಲ್ಲಕ್ಕೂ ಇದೇ ಬೇಕು. ಜರ್ಮನಿಯ ಬೋಬ್ಲಿಂಗೆನ್‌ನಲ್ಲಿ ಎರಿಕ್ ಮ್ಯೂಹೆ 1985ರ ಸೆಪ್ಟೆಂಬರಿನಲ್ಲಿ ಮೊದಲ ಸಲ ಕೀಹೋಲ್ ವಿಧಾನದಲ್ಲಿ ಪಿತ್ತಕೋಶ ತೆಗೆದರು. ಅಲ್ಲಿಂದ ಇಲ್ಲಿಯವರೆಗೆ ಈ ಬಗೆಯ ಉಪಕರಣದ ಹೊರರೂಪ ಹೆಚ್ಚು ಬದಲಾಗಿಲ್ಲ: ಕತ್ತರಿಯಂಥ ಹಿಡಿಕೆ, ಸುಮಾರು 330 ಮಿ.ಮೀ. ಉದ್ದದ ಕೊಳವೆ, ತುದಿಯಲ್ಲಿ ಎರಡು ದವಡೆ. ಬದಲಾಗಿರುವುದು ಲೋಹ, ಹೊದಿಕೆ, ಬೆಸುಗೆ, ಬಿಚ್ಚಿ ಜೋಡಿಸುವ ಬಗೆ.

ವಿನ್ಯಾಸ ಮಾಡುವವರು ಸಾಮಾನ್ಯವಾಗಿ ಆಪರೇಷನ್ ಥಿಯೇಟರಿನಲ್ಲಿ ನಿಂತು, ಸರ್ಜನ್ ಕೈ ನೋಡಿ ಶುರು ಮಾಡುತ್ತಾರೆ. ಅದು ಬೇಕು. ಆದರೆ ನಮ್ಮಲ್ಲಿ ಒಂದೇ ಗ್ರಾಸ್ಪರ್ ನೂರಾರು ಸಲ ಮರುಬಳಕೆಯಾಗುತ್ತದೆ. ಪ್ರತಿ ಸಲವೂ ಅದು ಹೊಟ್ಟೆಯೊಳಗೆ ಕಳೆಯುವುದು ಒಂದೆರಡು ಗಂಟೆ. ನಂತರ ತೊಟ್ಟಿ, ಬ್ರಷ್, ಶಬ್ದದ ಅಲೆಗಳಿಂದ ಕೊಳೆ ಬಿಡಿಸುವ ಅಲ್ಟ್ರಾಸಾನಿಕ್, ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್. ಉಪಕರಣ ಹಾಳಾಗುವುದು ಹೆಚ್ಚಾಗಿ ಇಲ್ಲಿ, ರೋಗಿಗೆ ಅಪಾಯ ಹುಟ್ಟುವುದೂ ಅನೇಕ ಸಲ ಇಲ್ಲಿಯೇ. ಹಾಗಾಗಿ ಡ್ರಾಯಿಂಗಿನ ಮೊದಲ ಗೆರೆ ಎಳೆಯುವ ಮೊದಲು ಆಸ್ಪತ್ರೆಯ ಉಪಕರಣ ಶುದ್ಧೀಕರಣ ವಿಭಾಗವಾದ ಸಿಎಸ್‌ಎಸ್‌ಡಿಯ ತೊಳೆಯುವ ತೊಟ್ಟಿಯ ಪಕ್ಕ ಒಂದು ವಾರ ನಿಲ್ಲಬೇಕೆನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಜಾಗದ ಲೆಕ್ಕ ನೋಡೋಣ. ಹೊರ ವ್ಯಾಸ 5.0 ಮಿ.ಮೀ. ವಿದ್ಯುತ್ ನಿರೋಧಕ ಹೊದಿಕೆಗೆ ಎರಡೂ ಬದಿ 0.35 ಬಿಟ್ಟರೆ ಉಳಿದದ್ದು 4.3. ಉಕ್ಕಿನ ಕೊಳವೆಯ ಗೋಡೆ 0.4 ಎಂದುಕೊಂಡರೆ ಒಳರಂಧ್ರ 3.5. ಅದರೊಳಗೆ ದವಡೆಯನ್ನು ತೆರೆದು ಮುಚ್ಚುವ 2 ಮಿ.ಮೀ. ಸರಳು. ಸರಳಿನ ಸುತ್ತ ಉಳಿಯುವ ಸಂದು ಮುಕ್ಕಾಲು ಮಿಲಿಮೀಟರ್. ರಕ್ತ ಮೇಲೇರುವುದು ಈ ಸಂದಿನಲ್ಲಿಯೇ. ಹೊಟ್ಟೆಯನ್ನು ಇಂಗಾಲದ ಡೈಆಕ್ಸೈಡ್‌ನಿಂದ 12ರಿಂದ 15 ಮಿ.ಮೀ. ಪಾದರಸದ ಒತ್ತಡದಲ್ಲಿ ಉಬ್ಬಿಸಿರುತ್ತಾರೆ. ಹಿಡಿಕೆಯ ಕತ್ತಿನಲ್ಲಿರುವ ಸೀಲ್ ಸೋರಿದರೆ ಅನಿಲ ಇದೇ ಸಂದಿನಿಂದ ಹೊರಡುತ್ತದೆ, ಜೊತೆಗೆ ದ್ರವವನ್ನೂ ಎಳೆದು ತರುತ್ತದೆ.

ಇನ್ನು ದವಡೆ. ಸರ್ಜನ್ ಹಿಡಿಕೆಯನ್ನು 20 ನ್ಯೂಟನ್ ಬಲದಿಂದ ಒತ್ತಿದರು, ಹಿಡಿಕೆಯ ಸನ್ನೆ ಅನುಪಾತ 4 ಎಂದಿಟ್ಟುಕೊಳ್ಳಿ. ಸರಳಿನ ಮೇಲೆ 80 ನ್ಯೂಟನ್. ದವಡೆಯ ಕೀಲಿನಿಂದ ಸರಳು ಎಳೆಯುವ ಬಿಂದುವಿಗೆ 1.5 ಮಿ.ಮೀ., ದವಡೆಯ ತುದಿಗೆ 18 ಮಿ.ಮೀ. ಒಂದೇ ದವಡೆ ಚಲಿಸುವ ವಿನ್ಯಾಸದಲ್ಲಿ ತುದಿಗೆ ಸಿಗುವುದು 6.7 ನ್ಯೂಟನ್. ಎರಡೂ ದವಡೆ ಚಲಿಸಿದರೆ ಬಲ ಹಂಚಿಹೋಗಿ, ಹಿಡಿತ ಅರ್ಧಕ್ಕೆ, ಅಂದರೆ 3.3ಕ್ಕೆ ಇಳಿಯುತ್ತದೆ. ಸೂಜಿ ಹಿಡಿಯುವ ನೀಡಲ್ ಹೋಲ್ಡರುಗಳಲ್ಲಿ ಒಂದೇ ದವಡೆ ಚಲಿಸುವುದಕ್ಕೂ, ಅಂಗಾಂಶ ಬಿಡಿಸುವ, ಮೆರಿಲ್ಯಾಂಡ್ ಎಂದು ಕರೆಯುವ ಉಪಕರಣದಲ್ಲಿ ಎರಡೂ ಚಲಿಸುವುದಕ್ಕೂ ಇದು ಒಂದು ಮುಖ್ಯ ಕಾರಣ.

ಇದೇ ಅನುಪಾತ ಸಡಿಲಿಗೂ ಅನ್ವಯಿಸುತ್ತದೆ. ಪಿನ್ನಿನ ತೂತಿನಲ್ಲಿ 0.05 ಮಿ.ಮೀ. ಸಡಿಲಿದ್ದರೆ ತುದಿಯಲ್ಲಿ ಅದು 12 ಪಟ್ಟಾಗಿ 0.6 ಮಿ.ಮೀ. ಆಟವಾಗುತ್ತದೆ. ಇಂಥ ಮೂರು ಕೀಲುಗಳಿದ್ದರೆ ಹೊಸ ಉಪಕರಣವೂ ಹಳೆಯದರಂತೆ ಅಲುಗಾಡುತ್ತದೆ. ಹಾಗೆಂದು ಸಡಿಲನ್ನು 0.01ಕ್ಕೆ ಬಿಗಿಸಿದರೆ ನೀರೂ ಡಿಟರ್ಜೆಂಟೂ ಒಳಹೋಗುವುದಿಲ್ಲ. ರಕ್ತ ಮಾತ್ರ ಹೇಗೋ ಹೋಗಿ ಕೂರುತ್ತದೆ, ಆಟೋಕ್ಲೇವಿನಲ್ಲಿ ಬೆಂದು ಗಟ್ಟಿಯಾಗುತ್ತದೆ. ಕೀಲುಗಳ ಸಂಖ್ಯೆಯನ್ನೇ ಕಡಿಮೆ ಮಾಡುವುದು ಉತ್ತಮ ದಾರಿ. ಕೊಂಡಿಗಳ ಬದಲು ಓರೆಯಾದ ತೋಡಿನಲ್ಲಿ ಪಿನ್ ಜಾರುವ ವಿನ್ಯಾಸದಲ್ಲಿ ಭಾಗಗಳು ಕಡಿಮೆ, ತೊಳೆಯಲು ಬಾಯಿ ದೊಡ್ಡದು. ತೋಡಿನ ಅಂಚು ಬೇಗ ಸವೆಯುವುದು ಅದರ ದೋಷ; ಅಲ್ಲಿ ಲೋಹದ ಗಡಸುತನ ಹೆಚ್ಚಿಸಬೇಕು.

ಮುರಿಯುವುದರ ಬಗ್ಗೆಯೂ ಮೊದಲೇ ತೀರ್ಮಾನಿಸಬೇಕು. ಆತುರದಲ್ಲಿ ಯಾರೋ ಹಿಡಿಕೆಯನ್ನು 100 ನ್ಯೂಟನ್ ಬಲದಿಂದ ಹಿಸುಕುತ್ತಾರೆ. ಸರಳಿನ ಮೇಲೆ 400 ನ್ಯೂಟನ್ ಬೀಳುತ್ತದೆ. ಮುರಿಯಲೇಬೇಕೆಂದಿದ್ದರೆ ಅದು ಹೊಟ್ಟೆಯ ಹೊರಗೆ ಮುರಿಯಲಿ. ಹಿಡಿಕೆಯೊಳಗೆ ಬೇಕೆಂದೇ ಒಂದು ದುರ್ಬಲ ಪಿನ್ ಇಡಿ, ಅಥವಾ ನಿಗದಿತ ಬಲ ದಾಟಿದರೆ ಬಾಗುವ ಸ್ಪ್ರಿಂಗ್ ಪಟ್ಟಿ ಇಡಿ. 1 ಮಿ.ಮೀ.ನ ದವಡೆ ಪಿನ್ ಕಳಚಿ ಕರುಳಿನ ಮಡಿಕೆಯಲ್ಲಿ ಬಿದ್ದರೆ ಹುಡುಕುವವರ ಕಷ್ಟ ಊಹಿಸಿಕೊಳ್ಳಿ. ಎಕ್ಸ್‌ರೇ ಯಂತ್ರವನ್ನು ಥಿಯೇಟರಿಗೆ ತರಿಸಬೇಕಾಗುತ್ತದೆ.

ತಯಾರಿಕೆಗೆ ಬರೋಣ. ದವಡೆಗೆ ಸಾಮಾನ್ಯವಾಗಿ ಬಳಸುವುದು 17-4 ಪಿಎಚ್ ಎಂಬ ಸ್ಟೇನ್‌ಲೆಸ್ ಉಕ್ಕು. ಇದನ್ನು 482 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಟ್ಟರೆ ಅತಿ ಗಡಸಾಗುತ್ತದೆ, ಆದರೆ ಕ್ಲೋರೈಡ್ ತಾಗಿದಾಗ ಬಿರುಕು ಬಿಡುವ ಸ್ವಭಾವವೂ ಹೆಚ್ಚುತ್ತದೆ. 552 ಡಿಗ್ರಿಯಲ್ಲಿ ಹದ ಮಾಡಿದರೆ ಗಡಸು ಸ್ವಲ್ಪ ಕಡಿಮೆ, ತಾಳಿಕೆ ಹೆಚ್ಚು. ಥಿಯೇಟರಿನಲ್ಲಿ ಉಪಕರಣಗಳನ್ನು ಕ್ಲೋರೈಡ್ ಇರುವ ಸಲೈನಿನಲ್ಲಿ, ಅಂದರೆ ಉಪ್ಪುನೀರಿನಲ್ಲಿ, ನೆನೆಹಾಕುವ ಅಭ್ಯಾಸ ಬಿಡುವವರೆಗೆ ಎರಡನೆಯದೇ ಕ್ಷೇಮ.

ಕಡಿಮೆ ಸಂಖ್ಯೆಗೆ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಿಲ್ಲಿಂಗ್ ಮತ್ತು ತಂತಿಯ ವಿದ್ಯುತ್ ಕಿಡಿಯಿಂದ ಲೋಹ ಕತ್ತರಿಸುವ ವೈರ್ ಕಟ್ ಸಾಕು. ಆದರೆ ವೈರ್ ಕಟ್‌ನ ಕಿಡಿ ಲೋಹವನ್ನು ಕರಗಿಸಿ ಬಿಟ್ಟ ಮೇಲ್ಪದರ ಕೆಲವು ಮೈಕ್ರಾನ್ ದಪ್ಪವಿದ್ದು, ಸೂಕ್ಷ್ಮ ಬಿರುಕುಗಳಿಂದ ತುಂಬಿರುತ್ತದೆ. ಅದನ್ನು ಹಗುರ ಕಟ್‌ಗಳಿಂದಲೋ ವಿದ್ಯುತ್ ಹಾಯಿಸಿ ಮೇಲ್ಮೈ ನುಣುಪಾಗಿಸುವ ಎಲೆಕ್ಟ್ರೋಪಾಲಿಶ್‌ನಿಂದಲೋ ತೆಗೆಯದಿದ್ದರೆ ಹಲ್ಲುಗಳ ಬುಡದಲ್ಲಿ ತುಕ್ಕು ಶುರು. ಸಾವಿರಗಟ್ಟಲೆ ಬೇಕಾದಾಗ ಮೆಟಲ್ ಇಂಜೆಕ್ಷನ್ ಮೋಲ್ಡಿಂಗ್ ಅಗ್ಗ. ನುಣ್ಣನೆಯ ಉಕ್ಕಿನ ಪುಡಿಯನ್ನು ಅಂಟು ಪಾಲಿಮರಿನೊಂದಿಗೆ ಬೆರೆಸಿ ಅಚ್ಚಿಗೆ ತುಂಬಿ, ಅಂಟನ್ನು ತೆಗೆದು, 1300 ಡಿಗ್ರಿಯ ಆಸುಪಾಸಿನಲ್ಲಿ ಬೇಯಿಸುತ್ತಾರೆ. ಬೇಯುವಾಗ ಭಾಗ ಶೇ. 15ರಿಂದ 20ರಷ್ಟು ಕುಗ್ಗುತ್ತದೆ, 20 ಮಿ.ಮೀ. ದವಡೆಗೆ ಅಚ್ಚು ಸುಮಾರು 24 ಮಿ.ಮೀ. ಇರಬೇಕು. ದವಡೆಯ ಬುಡ ದಪ್ಪ, ತುದಿ ತೆಳು ಆಗಿದ್ದರೆ ಕುಗ್ಗುವಿಕೆ ಸಮನಾಗದೆ ಬಾಗುತ್ತದೆ. ಅದಕ್ಕೇ ದಪ್ಪವನ್ನು ಸಾಧ್ಯವಾದಷ್ಟು ಸಮ ಇಡಿ. ಪಿನ್ ತೂತನ್ನು ಅಚ್ಚಿನ ಭರವಸೆಗೆ ಬಿಡದೆ, ಬೇಯಿಸಿದ ನಂತರ ತೂತನ್ನು ನಿಖರ ಅಳತೆಗೆ ತರುವ ರೀಮರ್ ಹಾಕಿ.

ದವಡೆಯ ಕವಲನ್ನು ಕೊಳವೆಗೆ ಸೇರಿಸಲು ಲೇಸರ್ ಬೆಸುಗೆ ಒಳ್ಳೆಯದು. ಅಂಟು ಹಾಕಿದರೆ ನೂರಾರು ಹಬೆ ಸ್ನಾನಗಳಿಗೆ ಬಾಳುವುದಿಲ್ಲ. ಬೆಸುಗೆಯ ಕೊನೆಯಲ್ಲಿ ಒಳಬದಿಗೆ ತೋಡು ಉಳಿಯದಂತೆ ಪೂರ್ಣ ಆಳ ಬೆಸೆಯಬೇಕು. ಕೊನೆಗೆ ನೈಟ್ರಿಕ್ ಅಥವಾ ಸಿಟ್ರಿಕ್ ಆಮ್ಲದಲ್ಲಿ ಪ್ಯಾಸಿವೇಶನ್, ಅಂದರೆ ಉಕ್ಕಿನ ಮೇಲೆ ತುಕ್ಕು ತಡೆಯುವ ರಕ್ಷಣಾ ಪದರ ಮೂಡಿಸುವುದು. ಇಲ್ಲೊಂದು ಸಣ್ಣ ವಿಷಯ ಬಹಳ ಜನ ಮರೆಯುತ್ತಾರೆ: ಗುರುತಿನ ಸಂಖ್ಯೆಯನ್ನು ಲೇಸರಿನಿಂದ ಬರೆದಾಗ ಆ ಶಾಖ ಉಕ್ಕಿನ ರಕ್ಷಣಾ ಪದರವನ್ನು ಕೆಡಿಸುತ್ತದೆ, ಮೊದಲ ತುಕ್ಕು ಅಕ್ಷರಗಳ ಮೇಲೆಯೇ ಮೂಡುತ್ತದೆ. ಬರೆದ ನಂತರ ಪ್ಯಾಸಿವೇಶನ್ ಮಾಡಿದರೆ ಬರಹ ಮಾಸುತ್ತದೆ. ಅತಿ ಚಿಕ್ಕ ಮಿಡಿತದ ಪಿಕೋಸೆಕೆಂಡ್ ಲೇಸರುಗಳು ಈ ಇಕ್ಕಟ್ಟನ್ನು ಬಹುಮಟ್ಟಿಗೆ ಬಿಡಿಸಿವೆ. ಮೇಲ್ಮೈಯನ್ನು ಸುಡದೆ ಕಪ್ಪು ಗುರುತು ಬರುತ್ತದೆ.

ಇನ್ಸುಲೇಶನ್, ಅಂದರೆ ವಿದ್ಯುತ್ ನಿರೋಧಕ ಹೊದಿಕೆಯ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಇದರ ತಪ್ಪು ಕಣ್ಣಿಗೆ ಬೀಳುವುದಿಲ್ಲ. ರಕ್ತ ನಿಲ್ಲಿಸುವ ಕೊಆಗ್ಯುಲೇಶನ್ ಮೋಡ್‌ನಲ್ಲಿ ವೋಲ್ಟೇಜು ಕೆಲವು ಸಾವಿರಕ್ಕೆ ಏರುತ್ತದೆ. ಕ್ಯಾಮೆರಾದಲ್ಲಿ ಕಾಣುವುದು ತುದಿಯ ಕೆಲವೇ ಸೆಂಟಿಮೀಟರ್. ಉಳಿದ ಕೊಳವೆಯ ಹೊದಿಕೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಕರೆಂಟು ಅಲ್ಲಿಂದ ಕರುಳಿಗೆ ಹಾರಬಹುದು. ತೂತು ಚಿಕ್ಕದಾದಷ್ಟೂ ಕರೆಂಟು ಒಂದೇ ಬಿಂದುವಿನಲ್ಲಿ ಕೇಂದ್ರೀಕರಿಸಿ ಸುಡುವಿಕೆ ಆಳವಾಗುತ್ತದೆ. ಹಾಗಾಗಿ ಎದ್ದು ಕಾಣುವ ಬಿರುಕಿಗಿಂತ ಕಾಣದ ರಂಧ್ರ ಹೆಚ್ಚು ಅಪಾಯಕಾರಿ. ಸುಟ್ಟ ಕರುಳು ಕೆಲವು ದಿನಗಳ ನಂತರ ತೂತಾದಾಗ ರೋಗಿ ಮನೆಗೆ ಹೋಗಿಯಾಗಿರುತ್ತದೆ.

ಹೊದಿಕೆ ಕೆಡುವುದೇಕೆ? ಪಿವಿಡಿಎಫ್ ಬಗೆಯ ಪ್ಲಾಸ್ಟಿಕ್ ಬಿಸಿಗೆ ಉಕ್ಕಿಗಿಂತ ಸುಮಾರು 8 ಪಟ್ಟು ಹಿಗ್ಗುತ್ತದೆ. ಕೋಣೆಯ ಉಷ್ಣತೆಯಿಂದ ಆಟೋಕ್ಲೇವಿನ 134 ಡಿಗ್ರಿಗೆ ಹೋಗುವಾಗ 330 ಮಿ.ಮೀ. ಉಕ್ಕು ಅರ್ಧ ಮಿಲಿಮೀಟರಿನಷ್ಟು ಬೆಳೆದರೆ, ಬಿಡುಬೀಸಾಗಿ ಬಿಟ್ಟ ಹೊದಿಕೆ 4 ಮಿ.ಮೀ.ಗಿಂತ ಹೆಚ್ಚು ಬೆಳೆಯಬಯಸುತ್ತದೆ. ಪ್ರತಿ ಸೈಕಲಿನಲ್ಲೂ ಈ ಜಗ್ಗಾಟ. ಕೆಲವು ತಿಂಗಳಲ್ಲಿ ಹೊದಿಕೆ ಹಿಂದೆ ಸರಿದು, ದವಡೆಯ ಹಿಂದೆ ಬೆತ್ತಲೆ ಉಕ್ಕಿನ ಉಂಗುರ ಕಾಣುತ್ತದೆ. ಪರಿಹಾರ ಸರಳ: ಕೊಳವೆಯ ತುದಿಯಲ್ಲಿ ಒಂದು ಮೆಟ್ಟಿಲು ಕೆತ್ತಿ ಹೊದಿಕೆಯ ಅಂಚು ಅದರೊಳಗೆ ಕುಳಿತುಕೊಳ್ಳುವಂತೆ ಮಾಡುವುದು, ಮತ್ತು ಪೀಕ್‌ನಂಥ, ಕಡಿಮೆ ಹಿಗ್ಗುವ ಪಾಲಿಮರ್ ಆರಿಸುವುದು. ಹೊದಿಕೆ ಎರಡು ಬಣ್ಣದ ಪದರದಲ್ಲಿದ್ದರೆ ಮೇಲ್ಪದರ ಗೀಚಿದೊಡನೆ ಒಳಬಣ್ಣ ಇಣುಕುತ್ತದೆ. ಇದು ಇಷ್ಟು ಅಗ್ಗದ, ಇಷ್ಟು ಉಪಯೋಗದ ಸುಧಾರಣೆ ಎಂದರೆ ಎಲ್ಲ ತಯಾರಕರೂ ಏಕೆ ಅಳವಡಿಸುವುದಿಲ್ಲವೋ ತಿಳಿಯದು. ಆದರೂ ಪ್ರತಿ ಆಟೋಕ್ಲೇವಿಗೆ ಮೊದಲು ಅಧಿಕ ವೋಲ್ಟೇಜಿನ ಬ್ರಷ್ ಪರೀಕ್ಷಕವನ್ನು ಕೊಳವೆಯುದ್ದಕ್ಕೂ ಸವರುವುದು ತಪ್ಪಬಾರದು. ಕಣ್ಣಿನ ಪರೀಕ್ಷೆಯೊಂದೇ ಸಾಲದು.

ಈಗ ತೊಟ್ಟಿಗೆ ಬಂದೆವು. ಕ್ರಮ ಹೀಗೆ: ಥಿಯೇಟರಿನಲ್ಲೇ ಒರೆಸಿ ಒದ್ದೆಯಾಗಿಡುವುದು, ಬಿಚ್ಚುವುದು, ಕಿಣ್ವದ ಡಿಟರ್ಜೆಂಟಿನಲ್ಲಿ ನೆನೆಸುವುದು, ಬ್ರಷ್, ಅಲ್ಟ್ರಾಸಾನಿಕ್, ಶುದ್ಧ ನೀರಿನ ಜಾಲಾಟ, ಒಣಗಿಸುವುದು, ಕೀಲಿಗೆ ನೀರಿನಲ್ಲಿ ಕರಗುವ ಎಣ್ಣೆ, ನಂತರ ಹಬೆ. ಮೊದಲ ನೀರು 45 ಡಿಗ್ರಿಗಿಂತ ಬಿಸಿಯಿರಬಾರದು; ಬಿಸಿ ಹೆಚ್ಚಾದರೆ ರಕ್ತದ ಪ್ರೋಟೀನು ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗಿ ಸಂದಿಗೆ ಅಂಟಿಕೊಳ್ಳುತ್ತದೆ. ಹಳೆಯ ಗ್ರಾಸ್ಪರುಗಳನ್ನು ಬಿಚ್ಚಲು ಆಗುತ್ತಿರಲಿಲ್ಲ, ಕತ್ತಿನಲ್ಲಿ ಸಿರಿಂಜಿನ ಬಾಯಿಯೊಂದಿರುತ್ತಿತ್ತು. ಮುಕ್ಕಾಲು ಮಿ.ಮೀ. ಸಂದಿನಲ್ಲಿ 330 ಮಿ.ಮೀ. ಉದ್ದಕ್ಕೆ ನೀರು ಹಾಯಿಸಿದರೆ ಅದು ಸುಲಭದ ದಾರಿ ಹಿಡಿಯುತ್ತದೆ; ಸರಳು ಒಂದು ಬದಿಗೆ ಒರಗಿರುವ ಕಡೆ ಕೊಳೆ ಹಾಗೇ ಉಳಿಯುತ್ತದೆ. ಹಿಡಿಕೆ, ಹೊದಿಕೆಯ ಕೊಳವೆ, ದವಡೆ ಸಮೇತ ಸರಳು ಎಂದು ಮೂರಾಗಿ ಬಿಚ್ಚುವ ವಿನ್ಯಾಸ ಬಂದದ್ದು ಇದಕ್ಕೇ. ಅದರ ತೊಡಕು ಜೋಡಣೆ: ಅರ್ಧ ಕೂತ ಸರಳು ಹೊಟ್ಟೆಯೊಳಗೆ ಕಳಚಬಹುದು. ತಪ್ಪು ದಿಕ್ಕಿನಲ್ಲಿ ಕೂರಲೇ ಬಾರದಂಥ ತೋಡು, ಕೂತಾಗ ಕೇಳುವ ಕ್ಲಿಕ್, ಎರಡೂ ಬೇಕು.

ಅರ್ಧ ಮುಚ್ಚಿದ ಸಂದು ಎಷ್ಟು ಕೆಟ್ಟದ್ದೆನ್ನುವುದಕ್ಕೆ ಪಕ್ಕದ ಕ್ಷೇತ್ರದ ಉದಾಹರಣೆ ನೋಡಿ. ಪಿತ್ತನಾಳ ತಲುಪಲು ಬಾಯಿಯ ಮೂಲಕ ಇಳಿಸುವ ಬಾಗುವ ನಳಿಗೆಯಾದ ಡ್ಯುವಡಿನೋಸ್ಕೋಪಿನ ತುದಿಯಲ್ಲಿ ಉಪಕರಣವನ್ನು ಎತ್ತುವ ಪುಟ್ಟ ಸನ್ನೆಯಿದೆ. ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾ ಅಲ್ಲಿ ಅಡಗಿ ಹಲವು ದೇಶಗಳಲ್ಲಿ ರೋಗಿಯಿಂದ ರೋಗಿಗೆ ಹರಡಿತು. ಸೂಚನೆಯಂತೆಯೇ ತೊಳೆದರೂ ಈ ರಚನೆ ಸ್ವಚ್ಛತೆಗೆ ಅಡ್ಡಿಯಾಗಬಹುದೆಂದು ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರ ಫೆಬ್ರವರಿಯಲ್ಲಿ ಎಚ್ಚರಿಸಿತು. 2019ರಲ್ಲಿ, ತುದಿಯ ಭಾಗವನ್ನು ಒಮ್ಮೆ ಬಳಸಿ ಎಸೆಯುವ ವಿನ್ಯಾಸಗಳ ಕಡೆಗೆ ಹೊರಳಿ ಎಂದಿತು. ತೊಳೆಯುವವರ ಮೇಲೆ ಹೊರಿಸಿ ಮುಗಿಸಬಹುದಾದ ತಪ್ಪು ಅದಾಗಿರಲಿಲ್ಲ. ಸಂದನ್ನು ಪೂರ್ತಿ ಮುಚ್ಚಿ, ಇಲ್ಲವೇ ಪೂರ್ತಿ ತೆರೆಯಿರಿ.

ನೀರಿನ ಬಗ್ಗೆ ಒಂದು ಮಾತು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಬೋರ್‌ವೆಲ್ ನೀರಿನ ಗಡಸು ನಿಮಗೆಲ್ಲ ಗೊತ್ತು. ಗೀಸರಿನ ಕಾಯಿಲ್ ನೋಡಿದರೆ ಸಾಕು. ಅದೇ ನೀರಲ್ಲಿ ಕೊನೆಯ ಜಾಲಾಟ ಮಾಡಿದರೆ ಸುಣ್ಣದ ಪದರ ಕೀಲಿನಲ್ಲಿ ಕೂತು ದವಡೆ ಬಿಗಿಯುತ್ತದೆ, ಕ್ಲೋರೈಡ್ ಹೆಚ್ಚಿದ್ದರೆ ಉಕ್ಕಿನಲ್ಲಿ ಸೂಜಿಗುಳಿ ಬೀಳುತ್ತದೆ. ಆರ್‌ಒ ನೀರು ಕೊನೆಯ ಜಾಲಾಟಕ್ಕೂ ಆಟೋಕ್ಲೇವಿಗೂ ಕಡ್ಡಾಯ. ತಯಾರಕರು ಕೊಡುವ ಸ್ವಚ್ಛತೆಯ ಸೂಚನೆ ಪರೀಕ್ಷಿಸಿ ಸಾಬೀತಾದದ್ದಾಗಿರಬೇಕು ಎನ್ನುತ್ತದೆ ಐಎಸ್‌ಒ 17664 ಎಂಬ ಅಂತರರಾಷ್ಟ್ರೀಯ ಮಾನದಂಡ. ಆ ಪರೀಕ್ಷೆಯನ್ನು ಪ್ರಯೋಗಾಲಯದ ಶುದ್ಧ ನೀರಿನಲ್ಲಿ ಮಾಡಿ ನಮ್ಮ ಜಿಲ್ಲೆಗಳಿಗೆ ಮಾರಿದರೆ ಅದರಿಂದ ಪ್ರಯೋಜನವಿಲ್ಲ.

ಹಾಗಾದರೆ ಡ್ರಾಯಿಂಗ್ ಅಂತಿಮಗೊಳಿಸುವ ಮೊದಲು ಏನು ಮಾಡಬೇಕು? ಹತ್ತು ಮಾದರಿ ಮಾಡಿ. ಕೃತಕ ರಕ್ತ ತುಂಬಿ, ದವಡೆಯನ್ನು ಐವತ್ತು ಸಲ ಆಡಿಸಿ, ಒಂದು ಗಂಟೆ ಒಣಗಲು ಬಿಡಿ. ಮಧ್ಯಾಹ್ನದ ಆತುರದಲ್ಲಿ ಆಗುವುದು ಅದೇ. ಆಸ್ಪತ್ರೆಯಲ್ಲಿ ತೊಳೆಯುವವರ ಕೈಯಲ್ಲೇ, ಅವರ ನೀರಿನಲ್ಲೇ ತೊಳೆಸಿ, ಹಬೆಗೆ ಹಾಕಿ. 300 ಸೈಕಲ್. ಪ್ರತಿ 50ಕ್ಕೆ ಹೊದಿಕೆಯ ವೋಲ್ಟೇಜ್ ಪರೀಕ್ಷೆ, ದವಡೆ ತುದಿಯ ಆಟದ ಅಳತೆ. 100, 200, 300ರಲ್ಲಿ ಎರಡೆರಡು ಉಪಕರಣ ತೆಗೆದು ಪ್ರೋಟೀನ್ ಅಳೆಯಿರಿ. ಪ್ರತಿ ಚದರ ಸೆಂಟಿಮೀಟರಿಗೆ 6.4 ಮೈಕ್ರೋಗ್ರಾಂ ದಾಟಬಾರದು. ಆಮೇಲೆ ಅವನ್ನು ಉದ್ದಕ್ಕೆ ಸೀಳಿ, ಒಳಗೋಡೆಯನ್ನು ಸೂಕ್ಷ್ಮದರ್ಶಕದಡಿ ನೋಡಿ. ಎಲ್ಲಿ ಕಂದು ಗೆರೆ ಉಳಿದಿದೆಯೋ, ಡ್ರಾಯಿಂಗ್ ತಿದ್ದಬೇಕಾದ ಜಾಗ ಅದೇ.