104 ಮತ್ತು 114ರ ನಡುವೆ

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಆರಿಸಿಕೊಂಡಿರುವ ಆಟಗಾರ್ತಿಯ ಹೆಸರನ್ನು ನಿಮ್ಮಲ್ಲಿ ಹೆಚ್ಚಿನವರು ಕೇಳಿರಲಿಕ್ಕಿಲ್ಲ. ಜಾಂಗ್ ಸು-ಜಿಯೊಂಗ್, ದಕ್ಷಿಣ ಕೊರಿಯಾದ ಟೆನಿಸ್ ಆಟಗಾರ್ತಿ. 1995ರಲ್ಲಿ ಹುಟ್ಟಿದರು. ಸಿಂಗಲ್ಸ್‌ನಲ್ಲಿ ಅವರು ತಲುಪಿದ ಅತ್ಯುತ್ತಮ ರ‍್ಯಾಂಕ್ 114. ಅದು 2022ರಲ್ಲಿ.

114 ಅಂದರೆ ಏನು? ಗ್ರ್ಯಾಂಡ್ ಸ್ಲಾಮ್ ಅಂದರೆ ಟೆನಿಸ್‌ನ ನಾಲ್ಕು ಅತಿ ದೊಡ್ಡ ಟೂರ್ನಿಗಳು. ಅವುಗಳ ಮಹಿಳಾ ಸಿಂಗಲ್ಸ್‌ನಲ್ಲಿ 128 ಜನ ಆಡುತ್ತಾರೆ. ರ‍್ಯಾಂಕ್ ನೋಡಿ ನೇರವಾಗಿ ಒಳಗೆ ಬಿಡುವುದು ಸುಮಾರು 104 ಜನರನ್ನು. 8 ಜನರಿಗೆ ವೈಲ್ಡ್ ಕಾರ್ಡ್, ಅಂದರೆ ಸಂಘಟಕರೇ ಕೊಡುವ ವಿಶೇಷ ಪ್ರವೇಶ. ಉಳಿದ 16 ಜಾಗಕ್ಕೆ ಇನ್ನೂ 128 ಜನ ಅರ್ಹತಾ ಸುತ್ತಿನಲ್ಲಿ ಸೆಣಸಬೇಕು. ಸತತವಾಗಿ ಮೂರು ಪಂದ್ಯ ಗೆದ್ದವರಿಗೆ ಮಾತ್ರ ಬಾಗಿಲು ತೆರೆಯುತ್ತದೆ. ಪಟ್ಟಿಯಲ್ಲಿ 104ಕ್ಕೂ 114ಕ್ಕೂ ಹತ್ತೇ ಸ್ಥಾನದ ಅಂತರ. ಆದರೆ ಒಬ್ಬಳು ಟೂರ್ನಿ ಶುರುವಾಗುವ ದಿನ ಬಂದು ಆಡಬಹುದು, ಇನ್ನೊಬ್ಬಳು ವಾರ ಮೊದಲೇ ಬಂದು ಮೂರು ಪಂದ್ಯ ಗೆದ್ದಿರಬೇಕು.

ಜಾಂಗ್ ಅದನ್ನು ಮಾಡಿ ತೋರಿಸಿದ್ದು 2022ರ ಆಸ್ಟ್ರೇಲಿಯನ್ ಓಪನ್‌ನಲ್ಲಿ. ಆಗ ಅವರ ರ‍್ಯಾಂಕ್ 200ರ ಆಚೆ ಇತ್ತು. ಮೂರೂ ಪಂದ್ಯ ಗೆದ್ದು ಮುಖ್ಯ ಸುತ್ತಿಗೆ ಬಂದರು. ಮೊದಲ ಪಂದ್ಯದಲ್ಲಿ ಎದುರಿಗೆ ಮಾಂಟೆನೆಗ್ರೊದ ಡಾಂಕಾ ಕೊವಿನಿಚ್. ಮೂರು ಸೆಟ್‌ವರೆಗೆ ಎಳೆದು ಸೋತರು. ಮುಂದಿನ ಸುತ್ತಿನಲ್ಲಿ ಇದೇ ಕೊವಿನಿಚ್, ಯುಎಸ್ ಓಪನ್ ಚಾಂಪಿಯನ್ ಎಮ್ಮಾ ರಾಡುಕಾನು ಅವರನ್ನು ಸೋಲಿಸಿದರು. ಜಾಂಗ್ ಆಟ ಯಾವ ಮಟ್ಟದಲ್ಲಿತ್ತು ಅಂತ ಇದರಿಂದಲೇ ಅಂದಾಜು ಮಾಡಬಹುದು, ಅಲ್ವಾ?

ದುಡ್ಡಿನ ಲೆಕ್ಕವನ್ನೂ ಹೇಳಲೇಬೇಕು. ಆಸ್ಟ್ರೇಲಿಯನ್ ಓಪನ್ ನಡೆಯುವ ಮೆಲ್ಬರ್ನ್‌ನಲ್ಲಿ ಆ ವರ್ಷ ಮೊದಲ ಸುತ್ತಿನಲ್ಲಿ ಸೋತವರಿಗೂ 1,03,000 ಆಸ್ಟ್ರೇಲಿಯನ್ ಡಾಲರ್ ಸಿಕ್ಕಿತು. ಇತ್ತ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್, ಅಂದರೆ ಐಟಿಎಫ್‌ನ ಅತಿ ಸಣ್ಣ ಟೂರ್ನಿಗಳಲ್ಲಿ ಒಟ್ಟು ಬಹುಮಾನವೇ 15,000 ಅಮೆರಿಕನ್ ಡಾಲರ್. ಅದನ್ನೇ ಸಿಂಗಲ್ಸ್, ಡಬಲ್ಸ್ ಆಡುವವರೆಲ್ಲ ಹಂಚಿಕೊಳ್ಳಬೇಕು. ಬೆಂಗಳೂರಿನ ಕಬ್ಬನ್ ಪಾರ್ಕ್ ಟೆನಿಸ್ ಅಂಗಳದಲ್ಲೂ ಐಟಿಎಫ್ ಮಹಿಳಾ ಟೂರ್ನಿಗಳು ನಡೆಯುತ್ತವೆ. ಅಲ್ಲಿ ಆಡಲು ಬರುವವರದೂ ಇದೇ ಓಟ, ಇದೇ ಲೆಕ್ಕ.

ಹಾಗಾದರೆ ಇವರು ಬದುಕುವುದು ಹೇಗೆ? ಕೊರಿಯಾದಲ್ಲಿ ಇದಕ್ಕೊಂದು ದಾರಿ ಇದೆ. ಅಲ್ಲಿ ನಗರಸಭೆಗಳೇ ಟೆನಿಸ್ ತಂಡ ಕಟ್ಟಿ ಆಟಗಾರರಿಗೆ ಸಂಬಳ ಕೊಡುತ್ತವೆ. ಜಾಂಗ್ ದೇಗು ನಗರದ ತಂಡದಲ್ಲಿದ್ದವರು. ಅವರಿಗಿಂತ ಹಿರಿಯ ಆಟಗಾರ್ತಿ ಹಾನ್ ನಾ-ಲೆ ಇಂಚಾನ್ ತಂಡದಲ್ಲಿದ್ದರು. ತಿಂಗಳ ಸಂಬಳ ಬಂದರೆ ಸೋತ ವಾರದ ಭಯ ಕಡಿಮೆಯಾಗುತ್ತದೆ. ಆದರೆ ಸಂಬಳ ಕೊಡುವ ಊರಿಗಾಗಿ ದೇಶದೊಳಗಿನ ಟೂರ್ನಿಗಳನ್ನೂ ಆಡಬೇಕು. ಆ ವಾರಗಳಲ್ಲಿ ವಿಶ್ವ ರ‍್ಯಾಂಕ್ ಏರುವುದಿಲ್ಲ. ಆದರೂ ನನ್ನ ಮಟ್ಟಿಗೆ ಇದು ಒಳ್ಳೆಯ ವ್ಯವಸ್ಥೆಯೇ. ಇದಿಲ್ಲದಿದ್ದರೆ ಎಷ್ಟೋ ಹುಡುಗಿಯರು ಇಪ್ಪತ್ತೆರಡು, ಇಪ್ಪತ್ಮೂರಕ್ಕೇ ರ‍್ಯಾಕೆಟ್ ಕೆಳಗಿಡುತ್ತಿದ್ದರು.

ಹಾನ್ ನಾ-ಲೆ ಕಥೆಯನ್ನೂ ಸ್ವಲ್ಪ ಹೇಳುತ್ತೇನೆ. 2018ರಲ್ಲಿ ಸೋಲ್‌ನ ಕೊರಿಯಾ ಓಪನ್‌ನಲ್ಲಿ ಅವರು ಚೊಯ್ ಜಿ-ಹೀ ಜೊತೆ ಡಬಲ್ಸ್ ಪ್ರಶಸ್ತಿ ಗೆದ್ದರು. ಫೈನಲ್‌ನಲ್ಲಿ ಸೋತವರು ತೈವಾನ್‌ನ ಶೇ ಸೋದರಿಯರು. ಅಲ್ಲಿ ಕೊರಿಯಾದ ಜೋಡಿಯೊಂದು ಗೆದ್ದದ್ದು 2004ರ ನಂತರ ಅದೇ ಮೊದಲು. 2004ರಲ್ಲಿ ಗೆದ್ದವರಲ್ಲಿ ಒಬ್ಬರು ಚೋ ಯೂನ್-ಜಿಯೊಂಗ್. ಸಿಂಗಲ್ಸ್‌ನಲ್ಲಿ 45ನೇ ರ‍್ಯಾಂಕ್‌ವರೆಗೆ ಏರಿದವರು. 2007ರಲ್ಲಿ ಅವರು ಆಡಿದ ಮೇಲೆ ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಮುಖ್ಯ ಸುತ್ತಿನಲ್ಲಿ ಕೊರಿಯಾದ ಇನ್ನೊಬ್ಬ ಮಹಿಳೆಯನ್ನು ನೋಡಲು 2020ರವರೆಗೆ ಕಾಯಬೇಕಾಯಿತು. ಆಗ ವೈಲ್ಡ್ ಕಾರ್ಡ್ ಪಡೆದು ಮೆಲ್ಬರ್ನ್‌ಗೆ ಬಂದವರು ಇದೇ ಹಾನ್.

ಈಗ ಮತ್ತೆ ಜಾಂಗ್ ವಿಷಯಕ್ಕೆ ಬರೋಣ. ಹದಿನೆಂಟರ ವಯಸ್ಸಿನಲ್ಲೇ, 2013ರಲ್ಲಿ, ಕೊರಿಯಾ ಓಪನ್ ಕ್ವಾರ್ಟರ್ ಫೈನಲ್ ತಲುಪಿದ್ದವರು. ಅಷ್ಟು ಬೇಗ ಹೆಸರು ಬಂದಾಗ ಮುಂದಿನ ವರ್ಷವೇ ನೂರರೊಳಗೆ ಬರುತ್ತಾಳೆ ಅಂತ ಜನ ಕಾಯುತ್ತಾರೆ. ಹಾಗಾಗಲಿಲ್ಲ. ಮತ್ತೆ ಸಣ್ಣ ಊರುಗಳು, ಸಣ್ಣ ಟೂರ್ನಿಗಳು. 2022ರ ಜುಲೈನಲ್ಲಿ ಸ್ವೀಡನ್‌ನ ಬೋಸ್ಟಾಡ್‌ನಲ್ಲಿ, ಮಣ್ಣಿನ ಅಂಗಳದಲ್ಲಿ, ಡಬ್ಲ್ಯುಟಿಎ 125 ಟೂರ್ನಿಯ ಫೈನಲ್. ಇದು ಮಹಿಳಾ ಟೆನಿಸ್‌ನ ಮುಖ್ಯ ಟೂರ್ನಿಗಳಿಗಿಂತ ಒಂದು ಮೆಟ್ಟಿಲು ಕೆಳಗಿನ ಹಂತ. ಎದುರಾಳಿ ಸ್ಪೇನ್ ಪರ ಆಡುತ್ತಿದ್ದ ರೆಬೆಕಾ ಮಸರೋವಾ. ಮೊದಲ ಸೆಟ್ 3-6ರಲ್ಲಿ ಹೋಯಿತು. ಮುಂದಿನ ಎರಡು ಸೆಟ್ 6-3, 6-1. ಹದಿನೆಂಟಕ್ಕೇ ಕೊರಿಯಾ ಓಪನ್ ಕ್ವಾರ್ಟರ್ ಫೈನಲ್ ಆಡಿದ್ದ ಆ ಹುಡುಗಿಗೆ ಆಗ ಇಪ್ಪತ್ತೇಳು ವರ್ಷ. ಆ ಗೆಲುವಿನ 160 ಅಂಕಗಳೇ ಅವರನ್ನು 114ರ ಹತ್ತಿರಕ್ಕೆ ತಂದವು.